ಸುಜಾತಾ ಬರೆದಿಟ್ಟ ಚೌತಿ ಚಂದ್ರ

ಒಂದು ಭಾನುವಾರ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ‘ದಿನಾ ಸಂಜೆ ಚಂದ್ರನನ್ನು ನೋಡು, ನೋಡಿದ್ದನ್ನು ಬರೆದಿಡು’ ಅಂದೆ. ಮುಂದಿನ ಸೋಮವಾರದ ಹೊತ್ತಿಗೆ ಆಕೆ ಕಳ್ಳಿ ಅನ್ನಿಸಿಕೊಂಡಿದ್ದಳು.

ಅಂಕಣಕ್ಕೆ ಮಸಾಲೆ ಬೇಕು ಅಂತ ಹೀಗೆ ಶುರು ಮಾಡಿದೆ ಅಂದುಕೊಂಡಿರಾ? ಇಲ್ಲ. ನಡೆದದ್ದೇ ಹೀಗೆ. ಇದನ್ನು ಬರೆಯಬಾರದು ಅಂತ ಎರಡು ವಾರ ಸುಮ್ಮನಿದ್ದೆ. ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಭಾನುವಾರಗಳು ನಿಮಗೆ ಗೊತ್ತು. ಮಿರಜದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ರಿಟೈರ್ ಆದವಳು ನಾನು. ಮನೆಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆ, ಅತ್ತೆಯ ಜೊತೆ ಜಗಳ ಹೆಚ್ಚುತ್ತದೆ. (ಅವರಿಗೆ ಎಂಬತ್ತನಾಲ್ಕು. ಇನ್ನೂ ಗೆಲ್ಲುವುದು ಅವರೇ.) ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಕುಪವಾಡಕ್ಕೆ ಹೋಗುತ್ತೇನೆ. ಅಲ್ಲಿ ಫ್ಯಾಕ್ಟರಿಗಳ ಹಿಂದೆ ಕೂಲಿಕಾರರ ಒಂದು ವಸತಿ. ವಿಜಯಪುರ, ಇಂಡಿ, ಅಥಣಿ ಕಡೆಯಿಂದ ಬಂದು ಇಲ್ಲೇ ನಿಂತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಕ್ಕಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಮರಾಠಿ ಬಂದು ಕೂರುತ್ತದೆ. ನಾನು ಹುಟ್ಟಿದ್ದು ಸಲಗರೆಯಲ್ಲಿ. ಈ ಬೆರಕೆ ಭಾಷೆಯೇ ನನ್ನ ತವರಿನ ಭಾಷೆ.

ಅಲ್ಲಿನ ಸಮಾಜ ಮಂದಿರದಲ್ಲಿ ಎರಡು ಗಂಟೆ ನನ್ನ ವಿಜ್ಞಾನದ ಕ್ಲಾಸು. ಫೀಸು ಇಲ್ಲ, ಪರೀಕ್ಷೆ ಇಲ್ಲ. ಇಪ್ಪತ್ತೊಂದು ಮಕ್ಕಳು. ಅವರಿಗೆಲ್ಲ ನಾನು ‘ಬಾಯಿ’, ಅಂದರೆ ಟೀಚರು. ಮಂದಿರದ ಕೀಲಿಕೈ ಇರುವುದು ದಿಲೀಪ ಕಾಕಾ ಅನ್ನುವವರ ಹತ್ತಿರ. ಫ್ಯಾಕ್ಟರಿಯೊಂದರಲ್ಲಿ ಫೋರ್‌ಮನ್, ವಸತಿಯ ಗಣಪತಿ ಮಂಡಳದ ಕಾರ್ಯದರ್ಶಿ, ಎಲ್ಲರಿಗೂ ಬೇಕಾದ ಮನುಷ್ಯ. ನಾನು ಹೋದ ಕೂಡಲೇ ಚಹಾ ತರಿಸುತ್ತಾರೆ. ಕೆಟ್ಟ ಮನುಷ್ಯ ಅಂತ ಹೇಳಿ ಮುಗಿಸುವಂತಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ.

ಚಂದ್ರನ ಪಾಠ ಅಂದರೆ ನನಗೆ ಜೀವ. ಯಾಕೆ ಗೊತ್ತೇ? ದೊಡ್ಡವರಿಗೆ ಬರದ ಪಾಠ ಅದು. ಓದುವುದನ್ನು ಒಂದು ಕ್ಷಣ ನಿಲ್ಲಿಸಿ ನೀವೇ ಹೇಳಿ: ಚಂದ್ರ ದಿನದಿನಕ್ಕೆ ಬೇರೆ ಬೇರೆ ಆಕಾರದಲ್ಲಿ ಕಾಣುವುದು ಯಾಕೆ? ಭೂಮಿಯ ನೆರಳು ಬೀಳುತ್ತದೆ ಅಂದಿರಾ? ತಪ್ಪು. ಅದು ಗ್ರಹಣ. ಇಂಜಿನಿಯರು, ವಕೀಲರು, ಡಾಕ್ಟರು (ನಮ್ಮ ಮಿರಜದಲ್ಲಿ ಅವರಿಗೇನು ಬರವೇ?) ಎಲ್ಲರೂ ನನ್ನ ಮುಂದೆ ಇದೇ ತಪ್ಪು ಹೇಳಿದ್ದಾರೆ. ಅದೂ ಎಷ್ಟು ಜೋರಾಗಿ!

ಮಕ್ಕಳಿಗೆ ನಾನು ಬಾಯಲ್ಲಿ ಹೇಳುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಕೋಣೆ ಕತ್ತಲು ಮಾಡುತ್ತೇನೆ. ಒಂದು ಮೂಲೆಯಲ್ಲಿ ಬಲ್ಬು ಹಚ್ಚಿಡುತ್ತೇನೆ. ಅದು ಸೂರ್ಯ. ಪೆನ್ಸಿಲ್ಲಿಗೆ ಚುಚ್ಚಿದ ಮೋಸಂಬಿ ಚಂದ್ರ. ಅದನ್ನು ಕೈ ಚಾಚಿ ತುಸು ಎತ್ತರಕ್ಕೆ ಹಿಡಿದು ನಿಂತ ಮಗುವಿನ ತಲೆಯೇ ಭೂಮಿ. ಬಲ್ಬಿಗೆ ಮುಖ ಮಾಡಿ ನಿಂತಾಗ ಮೋಸಂಬಿಯ ಕತ್ತಲ ಬದಿ ಮಾತ್ರ ಕಾಣುತ್ತದೆ, ಅಮಾವಾಸ್ಯೆ. ಎಡಕ್ಕೆ ಸ್ವಲ್ಪ ತಿರುಗಿದರೆ ಬಲಗಡೆ ಒಂದು ಗೆರೆ ಬೆಳಕು. ಇನ್ನಷ್ಟು ತಿರುಗಿದರೆ ಅರ್ಧ. ಬಲ್ಬಿಗೆ ಬೆನ್ನು ಮಾಡಿದರೆ ಪೂರ್ತಿ, ಹುಣ್ಣಿಮೆ. ಒಂದು ಸುತ್ತು ತಿರುಗುವುದರಲ್ಲಿ ಒಂದು ತಿಂಗಳು ಮುಗಿಯುತ್ತದೆ. ಆಮೇಲೆ ಮೋಸಂಬಿ ಸುಲಿದು ಹಂಚುತ್ತೇನೆ, ಅದಕ್ಕಾಗಿಯೇ ಬರುವ ಮಕ್ಕಳೂ ಇದ್ದಾರೆ.

ಈ ಸಲ ಎಲ್ಲರಿಗಿಂತ ಮೊದಲು ಹಿಡಿದವಳು ಸುಜಾತಾ. ಆರನೇ ಇಯತ್ತೆ. ಎರಡು ಜಡೆ, ಮುಂದಿನ ಹಲ್ಲು ತುಸು ಮುರಿದದ್ದು, ಮಾತು ಕಡಿಮೆ. ಎರಡು ಸುತ್ತು ತಿರುಗಿದವಳು ಮೋಸಂಬಿ ಕೆಳಗಿಳಿಸಿ ಹೇಳಿದಳು: “ಬಾಯಿ, ಚಂದ್ರಾಮ ಬದಲಾಗಂಗೇ ಇಲ್ರಿ! ಅವನ ಅರ್ಧಾ ಮೈಗೆ ಯಾವಾಗ್ಲೂ ಬೆಳಕು ಐತಿ. ನಮಗ ಎಷ್ಟು ಕಾಣತೈತೋ ಅಷ್ಟ ನಾವು ಅವನ ಆಕಾರ ಅಂತೇವಿ.”

ಮೂವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ನಾನೂ ಹೇಳಿದ್ದಿಲ್ಲ. ಓಡಿಹೋಗಿ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. (ಟೀಚರುಗಳು ಹಾಗೆಲ್ಲ ಮಾಡುವುದಿಲ್ಲ. ಕನ್ನಡಕ ಒರೆಸಿಕೊಂಡೆ.)

ಅವತ್ತು ಅಮಾವಾಸ್ಯೆ. ಎಲ್ಲರಿಗೂ ಒಂದೊಂದು ವಹಿ ಕೊಟ್ಟೆ. ದಿನಕ್ಕೊಂದು ಚೌಕ. ಚೌಕದೊಳಗೆ ಚಂದ್ರನ ಚಿತ್ರ, ಕೆಳಗೆ ಎರಡು ಸಾಲು: ಎಷ್ಟು ಗಂಟೆಗೆ ನೋಡಿದೆ, ಎಲ್ಲಿಂದ ನೋಡಿದೆ. “ಹೊತ್ತು ಮತ್ತ ಜಾಗಾ ಬರೀಲಾರದ ನೋಡಿದ್ದು ನೋಡಿದ್ದೇ ಅಲ್ಲ. ಮ್ವಾಡ ಇದ್ರ ಮ್ವಾಡ ಅಂತ ಬರೀರಿ. ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಬರೀರಿ. ಸುಳ್ಳು ಮಾತ್ರ ಬರೀಬ್ಯಾಡ್ರಿ” ಅಂದೆ. ಸುಜಾತಾ ಕೈ ಎತ್ತಿದಳು. ಅವರ ಮನೆ ತಗ್ಗಿನ ಓಣಿಯಲ್ಲಿ. ಪಡುವಣಕ್ಕೆ ಫ್ಯಾಕ್ಟರಿ ಶೆಡ್ಡು ಅಡ್ಡ. ಏನು ಮಾಡಬೇಕು?

“ಕಾಣೋ ಜಾಗಾ ಹುಡುಕು” ಅಂದೆ. ಎಷ್ಟು ಸಲೀಸಾಗಿ ಅಂದೆ!

ಅಮಾವಾಸ್ಯೆಯಿಂದ ಶುರು ಮಾಡಿದರೆ ಪಾಠಕ್ಕೆ ಅನುಕೂಲ ಅಂತ ಯೋಚಿಸಿದವಳು, ಅದು ಶ್ರಾವಣದ ಅಮಾವಾಸ್ಯೆ ಅನ್ನುವುದನ್ನು ಮರೆತಿದ್ದೆ. ನಾಲ್ಕನೇ ದಿನಕ್ಕೆ ಗಣೇಶ ಚೌತಿ. ಸಾಂಗಲಿ ಮಿರಜದಲ್ಲಿ ಇದ್ದುಕೊಂಡು ಗಣಪತಿಯನ್ನು ಮರೆಯುವುದು ಅಂದರೆ ಏನು ಹೇಳಲಿ, ನನ್ನ ಬುದ್ಧಿಗೆ ಮಂಕು ಕವಿದಿತ್ತು. ಚೌತಿಯ ಸಂಜೆ ಚಂದ್ರನನ್ನು ನೋಡಬಾರದು, ನೋಡಿದರೆ ಕಳ್ಳತನದ ಸುಳ್ಳು ಆಪಾದನೆ ಬರುತ್ತದೆ ಅನ್ನುವ ಕಥೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇದೆಯೇ? ನಮ್ಮ ಮನೆಯಲ್ಲಿ ಅತ್ತೆ ಆ ಸಂಜೆ ಪಡುವಣ ಕಿಟಕಿಯನ್ನು ತಾವೇ ಎದ್ದು ಮುಚ್ಚುತ್ತಾರೆ, ಮಂಡಿನೋವು ಇದ್ದರೂ. ನಾನು ಅಡುಗೆಮನೆಯ ಜಾಲರಿಯಿಂದ ನೋಡುತ್ತೇನೆ. ಪ್ರತಿ ವರ್ಷ. ಕದ್ದು. ವಿಜ್ಞಾನದ ಟೀಚರು ತನ್ನದೇ ಮನೆಯಲ್ಲಿ ಚಂದ್ರನನ್ನು ಕದ್ದು ನೋಡಬೇಕು ನೋಡಿ!

ಗುರುವಾರ ಚೌತಿ. ಆಕಾಶ ತೊಳೆದಿಟ್ಟ ಹಾಗಿತ್ತು.

ಭಾನುವಾರ ವಹಿ ತಿರುವಿದೆ. ಗುರುವಾರದ ಚೌಕದಲ್ಲಿ ಮೋಡ. ಮುಂದಿನ ವಹಿಯಲ್ಲೂ ಮೋಡ. ಅದರ ಮುಂದಿನದರಲ್ಲೂ. ಹತ್ತೊಂಬತ್ತು ಮಕ್ಕಳ ಮನೆಯ ಮೇಲೆ ಹತ್ತೊಂಬತ್ತು ಮೋಡಗಳು ಪ್ರತ್ಯೇಕವಾಗಿ ಬಂದು ನಿಂತಿದ್ದವು. ಒಬ್ಬಳು ಮಾತ್ರ ‘ಅವ್ವ ಬ್ಯಾಡ ಅಂದಳು’ ಅಂತ ಬರೆದಿದ್ದಳು. ಆಕೆಗೆ ಪ್ರಾಮಾಣಿಕತೆಗಾಗಿ ಒಂದು ಚಾಕಲೇಟು ಕೊಟ್ಟೆ.

ಆಮೇಲೆ ಸುಜಾತಾಳ ವಹಿ ಸಿಕ್ಕಿತು.

ಗುರುವಾರದ ಚೌಕದಲ್ಲಿ ಒಂದು ಸಣ್ಣ ಚಂದ್ರ. ಪುಸ್ತಕದಲ್ಲಿ ಇರುವ ಹಾಗೆ ನೆಟ್ಟಗೆ ನಿಂತದ್ದಲ್ಲ. ಬಲಕ್ಕೆ, ಕೆಳಕ್ಕೆ ವಾಲಿಕೊಂಡದ್ದು. ನಮ್ಮ ಸಾಂಗಲಿಯಿಂದ ಆ ತಿಂಗಳು ಆ ಹೊತ್ತಿಗೆ ನೋಡಿದರೆ ಚಂದ್ರ ಹಾಗೇ ವಾಲಿಕೊಂಡಿರುತ್ತಾನೆ. ಕಣ್ಣಾರೆ ನೋಡಿದವರು ಮಾತ್ರ ಹಾಗೆ ಬರೆಯಲು ಸಾಧ್ಯ. ಕೆಳಗೆ ಮರಾಠಿಯಲ್ಲಿ ದುಂಡಗಿನ ಅಕ್ಷರ: ಸಂಜೆ ಏಳು ಗಂಟೆ ಹತ್ತು ನಿಮಿಷ. ಗಣಪತಿ ಮಂಡಪದ ಹಿಂದೆ, ನೀರಿನ ಟಾಕಿಯ ಮೆಟ್ಟಿಲು, ಮೇಲಿನಿಂದ ಎರಡನೆಯದು.

ಮೇಲಿನಿಂದ ಎರಡನೆಯದು! ಇದಕ್ಕಿಂತ ಚೆನ್ನಾಗಿ ಯಾವ ವಿಜ್ಞಾನಿ ಬರೆಯುತ್ತಾನೆ?

“ನೋಡಾಕ ಹೆದರಿಕಿ ಆಗಲಿಲ್ಲೇನ?” ಅಂತ ಕೇಳಿದೆ.

“ಯಾಕ್ರಿ ಬಾಯಿ? ನಮ್ಮ ಮನ್ಯಾಗ ಗಣಪತಿ ಕುಂಡ್ರಸಂಗಿಲ್ರಿ. ಅವ್ವ ನೋಡಬ್ಯಾಡ ಅಂತ ಏನೂ ಅನ್ನಲಿಲ್ಲ.”

ಅವರದು ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆ. ಗೋಡೆಯ ಮೇಲೆ ಬುದ್ಧನ ಫೋಟೋ, ಹುಣ್ಣಿಮೆಗೆ ವಿಹಾರ. ಚೌತಿಯ ಚಂದ್ರ ಅವಳಿಗೆ ತದಿಗೆಯ ಚಂದ್ರನ ಮರುದಿನದವನು, ಅಷ್ಟೇ. ಆ ಪುಟದ ಮೇಲೆ ಕೆಂಪು ಪೆನ್ನಿನಿಂದ ದೊಡ್ಡದಾಗಿ ‘ಛಾನ್!’ ಅಂತ ಬರೆದು ಸಹಿ ಹಾಕಿದೆ.

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆಗಲಿಲ್ಲ. ನಮ್ಮ ಹುಡುಗರು ಚಲೋ ಮಾಡಿದಾಗ ನಾಲ್ಕು ಜನಕ್ಕೆ ತೋರಿಸುವ ಚಪಲ ಇರುತ್ತದಲ್ಲ, ಅದು ಟೀಚರುಗಳ ಹುಟ್ಟುರೋಗ. ಹೊರಗೆ ಮಂಡಪದಲ್ಲಿ ದಿಲೀಪ ಕಾಕಾ ಲೈಟಿನ ಸರ ಸರಿಪಡಿಸುತ್ತಿದ್ದರು. ವಹಿ ಒಯ್ದು ಮುಂದೆ ಹಿಡಿದೆ. “ನೋಡ್ರಿ ಕಾಕಾ, ಇಡೀ ವಸತಿಯೊಳಗ ಖರೆ ನೋಡಿ ಬರದಾಕಿ ಇಕೀ ಒಬ್ಬಾಕಿ!”

ಅವರು ಬಹಳ ಹೊತ್ತು ನೋಡಿದರು. “ಟಾಕಿ ಮ್ಯಾಲ ಹತ್ತಿದ್ಲೇನ್ರಿ ಇಕಿ?” ಅಂತ ಕೇಳಿದರು. ಆಮೇಲೆ ನಕ್ಕು, “ಭಾರೀ ಐತಿ ಬಾಯಿ, ತಡೀರಿ, ಫೋಟೋ ಹೊಡದು ಮಂಡಳದ ಗ್ರೂಪಿಗೆ ಹಾಕತೇನಿ” ಅಂದರು. ನಾನು ಹಿಗ್ಗಿದೆ. ಪುಟ ನೆಟ್ಟಗೆ ಕಾಣಲಿ ಅಂತ ವಹಿಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದೆ. ಫೋಟೋದಲ್ಲಿ ನನ್ನ ಹೆಬ್ಬೆರಳೂ ಬಂದಿದೆ.

ಅವತ್ತೇ ಸಂಜೆ ವಸತಿಯ ಹೆಂಗಸರು ಮನೆಯ ಗೌರಿ ಪೂಜೆ ಮುಗಿಸಿಕೊಂಡು (ನಮ್ಮ ಕಡೆ ಗೌರಿ ಬರುವುದು ಚೌತಿ ಆದಮೇಲೆ) ಮಂಡಪಕ್ಕೆ ಬಂದರಂತೆ. ಆರತಿ ಎತ್ತಿದಾಗ ಯಾರೋ ಗಮನಿಸಿದರಂತೆ, ಗಣಪತಿಯ ಕೈಯಲ್ಲಿ ಬೆಳ್ಳಿ ಮೋದಕ ಇಲ್ಲ. ಅಂಗೈಯಷ್ಟು ದೊಡ್ಡದು, ವಸತಿಯವರೆಲ್ಲ ಸೇರಿ ಮಾಡಿಸಿದ್ದು. ಯಾವಾಗಿನಿಂದ ಇಲ್ಲ? ಚೌತಿಯ ಮಧ್ಯಾಹ್ನ ಮೂರ್ತಿ ಕೂರಿಸಿದಾಗ ಇತ್ತು. ಆಮೇಲೆ ಹೂವಿನ ಹಾರಗಳ ನಡುವೆ ಯಾರೂ ನೋಡಿದ ನೆನಪಿಲ್ಲ. ಹಾಗಾದರೆ ಚೌತಿಯ ಸಂಜೆ ಮಂಡಪದ ಹತ್ತಿರ ಯಾರಿದ್ದರು? ಎಲ್ಲರೂ ಚಂದ್ರ ಮುಳುಗುವ ತನಕ ಬಾಗಿಲು ಹಾಕಿಕೊಂಡು ಒಳಗಿದ್ದರು.

ಗ್ರೂಪಿನಲ್ಲಿ ಉತ್ತರ ಸಿದ್ಧವಾಗಿತ್ತು. ಹೊತ್ತು, ಜಾಗ, ಮೆಟ್ಟಿಲಿನ ಸಮೇತ. ಮೇಲೆ ನನ್ನ ಸಹಿ.

ಸೋಮವಾರ ಮಧ್ಯಾಹ್ನ ದಿಲೀಪ ಕಾಕಾ ಫೋನು ಮಾಡಿದರು. ಸಂಜೆ ಬಸ್ಸಿಗೆ ಹೋದೆ. ಸಮಾಜ ಮಂದಿರದಲ್ಲಿ ಐದು ಕುರ್ಚಿ, ಐದು ಜನ ಗಂಡಸರು. ನನಗೆ ಆರನೇ ಕುರ್ಚಿ. ಸುಜಾತಾಳ ತಾಯಿ ಕಮಲಾಬಾಯಿ ಬಾಗಿಲ ಹತ್ತಿರ ನಿಂತಿದ್ದಳು. ಅರಿಸಿನದ ಗೋದಾಮಿನಲ್ಲಿ ಗಡ್ಡೆ ಆರಿಸುವ ಕೆಲಸ ಅವಳದು. ನೇರವಾಗಿ ಕೆಲಸದಿಂದ ಬಂದಿದ್ದಳು, ಬೆರಳು, ಸೆರಗು, ಕಿವಿಯ ಹಿಂದೆ ಎಲ್ಲ ಹಳದಿ. ಅವಳ ಬೆನ್ನಿಗೆ ಅಂಟಿಕೊಂಡು ಸುಜಾತಾ. ಅವರಿಗೆ ಕುರ್ಚಿ ಇರಲಿಲ್ಲ. ಅದು ನನಗೆ ಆಗ ಕಾಣಲಿಲ್ಲ. ಈಗ ಬರೆಯುವಾಗ ಕಾಣುತ್ತಿದೆ.

“ಬಾಯಿ, ಇದು ನಿಮ್ಮ ಸಹಿನಾ?” ದಿಲೀಪ ಕಾಕಾ ಫೋನು ತೋರಿಸಿದರು.

“ಹೌದು.”

“ಹಂಗಾರ ಪೋರಿ ಅಲ್ಲಿದ್ದದ್ದು ಖರೆ.”

“ಚಂದ್ರನ್ನ ನೋಡಾಕ ಇದ್ಲು.”

“ಅದನ್ನ ನಾನೂ ಹೇಳೂದು” ಅಂದರು ಕಾಕಾ, ಬಹಳ ಮೆತ್ತಗೆ. “ನಾವೇನು ಕಳವು ಮಾಡ್ಯಾಳ ಅಂತ ಅಂದಿಲ್ರಿ. ಪೊಲೀಸಿಗೂ ಹೋಗಂಗಿಲ್ಲ, ನಮ್ಮವೇ ಪೋರಗೋಳು. ಖರೆ ಚೌತಿ ಚಂದ್ರನ್ನ ನೋಡಿದ್ರ ಹಿಂಗ ಆಗತೈತ್ರಿ. ಹಿರಿಯಾರು ಸುಮ್ನ ಹೇಳಿಲ್ಲ. ಆಕಿ ಕೈಲೆ ಆ ಹೊತ್ತು ಹಂಗ ಮಾಡಿಸಿರಬೇಕು. ಮೋದಕ ತಂದು ಇಟ್ಟುಬಿಟ್ರ ಮಾತು ಮುಗೀತು.”

ಉಳಿದ ನಾಲ್ಕು ತಲೆಗಳು ಹೌದು ಹೌದು ಅಂದವು.

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೊಂದನೇ ಶತಮಾನ! ಚಂದ್ರ ಕೈಹಿಡಿದು ಕಳವು ಮಾಡಿಸುತ್ತಾನಂತೆ! ಎದ್ದು ನಿಂತೆ. ಎಂಥ ಭಾಷಣ ಮಾಡಿದೆ ಅಂತೀರಿ! ಚಂದ್ರ ಅಂದರೆ ಕಲ್ಲು ಮಣ್ಣಿನ ಗುಂಡು ಅಂದೆ. ಅವನಿಗೆ ಸ್ವಂತ ಬೆಳಕಿಲ್ಲ ಅಂದೆ. ಚೌತಿ ಅಂದರೆ ಭೂಮಿಯ ಸುತ್ತ ಅವನ ತಿರುಗಾಟದ ಒಂದು ಜಾಗ ಅಷ್ಟೇ ಅಂದೆ. ಕುರ್ಚಿಯಲ್ಲಿದ್ದ ಒಬ್ಬರು “ಅದು ಭೂಮಿ ನೆರಳಲ್ಲೇನ್ರಿ ಬಾಯಿ?” ಅಂದರು. ತಗೋ, ನನಗೆ ಇನ್ನೂ ಕಿಚ್ಚು ಹತ್ತಿತು. ಪೂಜೆಯ ತಟ್ಟೆಯಿಂದ ನಿಂಬೆಹಣ್ಣು ಎತ್ತಿಕೊಂಡೆ, ಕಾಕಾನ ಫೋನಿನ ಟಾರ್ಚು ಹಚ್ಚಿಸಿದೆ, ಮೊದಲಿನಿಂದ ಕೊನೆತನಕ ತಿರುಗಿಸಿ ತೋರಿಸಿದೆ. ಹೊರಗೆ ಆಕಾಶದಲ್ಲಿ ಅಷ್ಟಮಿಯ ಅರ್ಧಚಂದ್ರ ಇತ್ತು. ಐದೂ ಜನರನ್ನು ಎಬ್ಬಿಸಿ ಅಂಗಳಕ್ಕೆ ಕರೆದು ತೋರಿಸಿದೆ.

ಅವರು ನೋಡಿದರು. ಒಬ್ಬರು ತಲೆದೂಗಿದರು. “ಇಷ್ಟು ದಿನ ನಮಗ ಗೊತ್ತ ಇದ್ದಿಲ್ಲ ನೋಡ್ರಿ” ಅಂದರು. ಕಾಕಾ ಚಹಾ ತರಿಸಿದರು. ಕೊನೆಗೆ ಅವರೇ ಹೇಳಿದರು, ಸದ್ಯಕ್ಕೆ ಪೋರಿಯನ್ನು ಮಂಡಪದ ಕಡೆ ಕಳಿಸುವುದು ಬೇಡ, ಭಾನುವಾರದ ಕ್ಲಾಸಿಗೂ ಸ್ವಲ್ಪ ದಿನ ಬೇಡ, ಜನ ಬಾಯಿಗೆ ಬಂದದ್ದು ಮಾತಾಡುತ್ತಾರೆ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ. ನಾನು ಚಹಾ ಕುಡಿದೆ. ಪಾಠ ಚೆನ್ನಾಗಿ ಆಯಿತು ಅನ್ನುವ ಸಮಾಧಾನ ಇತ್ತು ಅಂತ ಹೇಳಿದರೆ ನನ್ನ ಮುಖಕ್ಕೆ ಉಗಿಯುತ್ತೀರಿ. ಇತ್ತು.

ಬಸ್ ಸ್ಟಾಪಿನ ತನಕ ಕಮಲಾಬಾಯಿ ನನ್ನ ಹಿಂದೆ ಬಂದಳು. ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದಳು. ಬಸ್ಸು ಬರುವುದು ಕಂಡಾಗ ಮಾತು ತೆಗೆದಳು.

“ಬಾಯಿ, ನಾ ಶಾಣ್ಯಾಕಿ ಅಲ್ಲ, ತಪ್ಪು ತಿಳೀಬ್ಯಾಡ್ರಿ. ಚಂದ್ರಾಮನ ಮಾತು ಅಷ್ಟೊತ್ತು ಆಡಿದ್ರಿ. ನನ್ನ ಮಗಳು ಕಳವು ಮಾಡಿಲ್ಲ ಅಂತ ಒಂದ ಒಂದು ಮಾತು ಆಡಬೇಕಿತ್ತು ನೀವು. ನಿಮ್ಮ ಮಾತು ಅವರು ಕೇಳತಿದ್ರು.”

ಬಸ್ಸು ಬಂತು. ಹತ್ತಿದೆ.

ಮಿರಜ ಬರುವ ತನಕ ಒಂದೊಂದೇ ತಲೆಗೆ ಹೊಳೆಯುತ್ತಾ ಹೋಯಿತು. ಅಲ್ಲ, ಕಥೆ ಹೇಳುವುದೇನು? ಚೌತಿಯ ಚಂದ್ರನನ್ನು ನೋಡಿದವರ ಮೇಲೆ ಬರುವುದು *ಸುಳ್ಳು* ಆಪಾದನೆ. ಕಥೆಯನ್ನು ನಂಬುವವರು ಪೂರ್ತಿ ನಂಬಬೇಕಲ್ಲವೇ? ನೋಡಿದವಳು ಕದ್ದಿಲ್ಲ ಅಂತ ಕಥೆಯೇ ಸಾಕ್ಷಿ ಹೇಳುತ್ತಿತ್ತು. ಇಷ್ಟು ಹೇಳಲು ನಿಂಬೆಹಣ್ಣು ಬೇಕಿರಲಿಲ್ಲ, ಟಾರ್ಚು ಬೇಕಿರಲಿಲ್ಲ.

ಇನ್ನೊಂದು. ಆ ಟಾಕಿಯ ಮೆಟ್ಟಿಲು ವಸತಿಯ ಎಲ್ಲ ಮಕ್ಕಳ ಆಟದ ಜಾಗ. ದಿಲೀಪ ಕಾಕಾನ ಮೊಮ್ಮಗಳು ದಿನಾ ಅಲ್ಲೇ ಜೋತಾಡುತ್ತಾಳೆ. ಮೂರ್ತಿಯ ಹತ್ತಿರ ಗುರುವಾರದಿಂದ ಭಾನುವಾರದ ತನಕ ಹೋಗಿ ಬಂದವರೆಷ್ಟು ಜನ? ಅವರನ್ನು ಯಾಕೆ ಕರೆಸಲಿಲ್ಲ? ಚೌತಿಯ ಚಂದ್ರನನ್ನು ನಾನೂ ನೋಡಿದ್ದೆ. ನನ್ನ ಮೇಲೆ ಯಾಕೆ ಆಪಾದನೆ ಬರಲಿಲ್ಲ? ನನಗೆ ಯಾಕೆ ಕುರ್ಚಿ ಸಿಕ್ಕಿತು?

ಜಾತಿ ಅನ್ನುವ ಮಾತು ಆ ಸಂಜೆ ಯಾರ ಬಾಯಲ್ಲೂ ಬರಲಿಲ್ಲ. ಬರುವ ಅಗತ್ಯವೇ ಇರಲಿಲ್ಲ. ಚಂದ್ರ ಇದ್ದನಲ್ಲ. ಎಲ್ಲರೂ ಎಷ್ಟು ಮರ್ಯಾದಸ್ಥರಾಗಿ ಉಳಿದರು ನೋಡಿ. ಯಾರೂ ಕೂಗಾಡಲಿಲ್ಲ, ಯಾರೂ ಬೈಯಲಿಲ್ಲ. ಇಷ್ಟು ಮೆತ್ತಗಿನ ಧ್ವನಿಯಲ್ಲಿ ಒಂದು ಮಗುವನ್ನು ಕಳ್ಳಿ ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಆ ಮೆತ್ತಗಿನ ಧ್ವನಿಯ ಮುಂದೆ ನಾನೂ ನನ್ನ ಜಾಣತನ ತೋರಿಸಿ, ಚಹಾ ಕುಡಿದು ಬಂದೆ. ಮೂಢನಂಬಿಕೆಯ ಜೊತೆ ಜಗಳ ಆಡುವುದು ನಮಗೆಲ್ಲ ಸುಲಭ. ಎದುರಿಗೆ ಕೂತ, ವಾರ ವಾರ ಮಂದಿರದ ಬಾಗಿಲು ತೆಗೆದುಕೊಡುವ ಮನುಷ್ಯನಿಗೆ ‘ನೀವು ತಪ್ಪು ಮಾಡ್ತಿದ್ದೀರಿ’ ಅನ್ನುವುದು ಕಷ್ಟ. ಕ್ಲಾಸು ನಿಂತುಹೋದರೆ? ಕೀಲಿಕೈ ಕೊಡದಿದ್ದರೆ? ಇಪ್ಪತ್ತು ಮಕ್ಕಳ ಗತಿ ಏನು? ನನ್ನ ಮನಸ್ಸು ಎಷ್ಟು ಬೇಗ ಇಪ್ಪತ್ತು ಅಂತ ಎಣಿಸಿತು, ಇಪ್ಪತ್ತೊಂದು ಅಂತ ಅಲ್ಲ!

ಆ ವಾರ ನಾನು ಹೋಗಲಿಲ್ಲ. ಭಾನುವಾರ ವಿಸರ್ಜನೆ, ಹೇಗೂ ರಜೆ ಅಂತ ನೆಪ ಸಿಕ್ಕಿತು. ಮರುದಿನ ಸೋಮವಾರ, ಹುಣ್ಣಿಮೆ. ಬೆಳಿಗ್ಗೆ ಹತ್ತಕ್ಕೆ ದಿಲೀಪ ಕಾಕಾನ ಫೋನು. ಧ್ವನಿಯಲ್ಲಿ ಖುಷಿಯೋ ಖುಷಿ.

“ಬಾಯಿ! ಮೋದಕ ಸಿಕ್ತು ನೋಡ್ರಿ!”

ಸಾಮಾನು ಕಟ್ಟುವಾಗ ಸಿಕ್ಕಿತಂತೆ. ಹಳೆಯ ಶಾಲು, ಝಗಮಗದ ಪರದೆ ಇಡುವ ಕಬ್ಬಿಣದ ಟ್ರಂಕಿನ ತಳದಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗೆ. ಇಟ್ಟವರು ಯಾರು? ಕಾಕಾನ ತಾಯಿ. ಚೌತಿಯ ದಿನ ಮೂರ್ತಿ ಕೂತ ಒಂದು ಗಂಟೆಗೇ, ಹುಡುಗರು ಮುಟ್ಟಿ ಮುಟ್ಟಿ ಬೀಳಿಸುತ್ತಾರೆ, ಸಂಜೆ ಆರತಿಗೆ ಮತ್ತೆ ಇಟ್ಟರಾಯಿತು ಅಂತ ತೆಗೆದು ಜೋಪಾನ ಮಾಡಿದ್ದಾರೆ. ಆಮೇಲೆ ಮರೆತವರಿಗೆ ಗಂಟು ಕಂಡಾಗಲೇ ನೆನಪಾಯಿತಂತೆ. ವಯಸ್ಸಾಯಿತಲ್ಲ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ.

“ಹಂಗಾರ ಸುಜಾತಾ?” ಅಂದೆ.

“ಅದನ್ನ ಹೇಳಾಕ ಫೋನ್ ಮಾಡಿದ್ದು!” ಅಂದರು ಕಾಕಾ. “ನೀವು ಅವತ್ತು ನಮಗ ಏನೇನೋ ತಿಳಿಸಿ ಹೇಳಿದ್ರಿ, ಗೋಲ ತಿರುಗಸಿ ತೋರಿಸಿದ್ರಿ. ಈಗ ನೋಡ್ರಿ ಬಾಯಿ, ಹಿರಿಯಾರ ಕಥೀನ ಖರೆ ಆತು! ಚೌತಿ ಚಂದ್ರನ್ನ ನೋಡಿದ್ಲು, ಆಕಿ ಮ್ಯಾಲ ಸುಳ್ಳು ಆಪಾದನೆ ಬಂತು. ಬಂತೋ ಇಲ್ಲೋ?”

ಓದುಗರೇ, ಆ ಮನುಷ್ಯ ನನ್ನನ್ನು ಅಣಕಿಸುತ್ತಿರಲಿಲ್ಲ. ಮನಸಾರೆ ಹೇಳುತ್ತಿದ್ದರು. ಆಪಾದನೆ *ಬಂತು*. ಮಳೆ ಬಂದ ಹಾಗೆ, ಜ್ವರ ಬಂದ ಹಾಗೆ. ಹೊರಿಸಿದವರು ಯಾರೂ ಇಲ್ಲ. ಐದು ಕುರ್ಚಿ ಇಲ್ಲ, ಗ್ರೂಪು ಇಲ್ಲ, ಫೋಟೋ ಇಲ್ಲ. ಎಲ್ಲವನ್ನೂ ಚಂದ್ರನೇ ಮಾಡಿದ! ಹುಡುಗಿ ಕದ್ದಿಲ್ಲ ಅಂತ ಸಾಬೀತಾದದ್ದೇ ತಡ, ಅವರೆಲ್ಲರೂ ನಿರಪರಾಧಿಗಳಾಗಿಬಿಟ್ಟರು.

ಈ ಸಲ ಕೂಗಾಡಿದೆ. ಅತ್ತೆ ಒಳಗಿನಿಂದ ಎದ್ದು ಬರುವಷ್ಟು ಜೋರಾಗಿ. “ಕಾಕಾ, ಆಪಾದನೆ ಹೊರಸಿದ್ದು ಚಂದ್ರ ಅಲ್ಲ, ನೀವು! ನಿಮ್ಮ ಗ್ರೂಪಿನ್ಯಾಗ ಬರೀರಿ, ಹುಡುಗೀದು ಏನೂ ತಪ್ಪಿಲ್ಲ ಅಂತ. ಹತ್ತು ದಿನ ಮೈಕಿನ್ಯಾಗ ಯಾರದೋ ಚಪ್ಪಲಿ ಕಳೀತು ಅಂತ ಹೇಳಿದ್ರಲ್ಲ, ಇದನ್ನೂ ಒಂದ್ಸಲ ಹೇಳ್ರಿ!”

“ಮೈಕು ನಿನ್ನೆ ರಾತ್ರೀನ ಹೋತಲ್ರಿ ಬಾಯಿ” ಅಂದರು. ಆಮೇಲೆ, “ಮುಗದ ಮಾತು. ಮತ್ತ್ಯಾಕ ಕೆದಕೂದು? ಆಕಿನ್ನ ಕ್ಲಾಸಿಗೆ ಕಳಸಾಕ ಹೇಳ್ರಿ, ನಮ್ಮದೇನೂ 'ನಾ' ಇಲ್ಲ” ಅಂದರು.

ನಮ್ಮದೇನೂ ನಾ ಇಲ್ಲ, ಅಂದರೆ ಅಡ್ಡಿ ಇಲ್ಲ! ಕ್ಷಮೆ ಕೇಳಬೇಕಾದವರು ಅನುಮತಿ ಕೊಡುತ್ತಿದ್ದಾರೆ. ನನಗೆ ಬೇಕಾಗಿದ್ದ ಮಾತು ಈಗ ಬಾಯಿಗೆ ಬಂದಿತ್ತು, ಆದರೆ ಅದನ್ನು ಹೇಳಬೇಕಾದ ಹೊತ್ತಿಗೆ, ಆ ಬಾಗಿಲಲ್ಲಿ ನಿಂತ ತಾಯಿಯ ಎದುರಿಗೆ ಬರಲಿಲ್ಲ. ಫೋನಿನಲ್ಲಿ ಕೂಗಾಡಿದ್ದು ಯಾರಿಗೆ ಕೇಳಿಸುತ್ತದೆ?

ಮುಂದಿನ ಭಾನುವಾರ ಕ್ಲಾಸಿಗೆ ಸುಜಾತಾ ಬರಲಿಲ್ಲ. ಮಕ್ಕಳೆದುರು ನಿಂತು ಹೇಳಿದೆ, ಸುಜಾತಾ ಕಳವು ಮಾಡಿಲ್ಲ, ದೊಡ್ಡವರು ತಪ್ಪು ಮಾಡಿದರು, ನಾನೂ ಮಾಡಿದೆ. ಮಕ್ಕಳು ನೆಲ ನೋಡಿದರು. ‘ಅವ್ವ ಬ್ಯಾಡ ಅಂದಳು’ ಅಂತ ಬರೆದಿದ್ದ ಹುಡುಗಿ ಮಾತ್ರ ಮೆಲ್ಲಗೆ ಹೇಳಿದಳು, “ಬಾಯಿ, ಸಾಲ್ಯಾಗ ಎಲ್ಲಾರೂ ಆಕಿಗೆ ಮೋದಕ ಅಂತ ಕರೀತಾರ್ರಿ.”

ಕ್ಲಾಸು ಮುಗಿಸಿ ತಗ್ಗಿನ ಓಣಿಗೆ ಹೋದೆ. ಕಮಲಾಬಾಯಿ ಕೆಲಸಕ್ಕೆ ಹೋಗಿದ್ದಳು. ಭಾನುವಾರ ಪಾಳಿ ಹಿಡಿದಿದ್ದಾಳಂತೆ. ಸುಜಾತಾ ಹೊಸ್ತಿಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, “ಬರ್ರಿ ಬಾಯಿ, ಕುಂದ್ರಿ” ಅಂದಳು. ಒಳಗಿನಿಂದ ಸ್ಟೂಲು ತಂದು ಹಾಕಿದಳು. ನೀರು ಕೊಟ್ಟಳು. ಹನ್ನೊಂದು ವರ್ಷದ ಹುಡುಗಿಗೆ ಮರ್ಯಾದೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಸುಜಾತಾ, ನೀ ಕಳವು ಮಾಡಿಲ್ಲವಾ. ಅದನ್ನ ನಾ ಅವತ್ತ ಹೇಳಬೇಕಿತ್ತು. ಹೇಳಲಿಲ್ಲ. ನಂದು ತಪ್ಪಾತು” ಅಂದೆ.

ಆಕೆ ತಲೆ ಅಲ್ಲಾಡಿಸಿದಳು, ಆಯಿತು ಅನ್ನುವ ಹಾಗೆ. ಅತ್ತಿದ್ದರೆ, ಸಿಟ್ಟು ಮಾಡಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ವಹಿ ಎಲ್ಲಿ ಅಂತ ಕೇಳಿದೆ. ಎದ್ದುಹೋಗಿ ತಂದಳು. ನಾನು ಅಂದುಕೊಂಡಿದ್ದೆ, ಹರಿದು ಎಸೆದಿರುತ್ತಾಳೆ ಅಂತ. ಇಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ಅಷ್ಟಮಿಯ ಅರ್ಧಚಂದ್ರ ಇತ್ತು, ಆ ಸಭೆ ನಡೆದ ಸಂಜೆಯದು. ಹುಣ್ಣಿಮೆ ಇತ್ತು. ಆಮೇಲೆ ಬೆಳಗಿನ ಜಾವ ಎದ್ದು ನೋಡಿದ, ಕರಗುತ್ತಿರುವ ಚಂದ್ರರು. ಎಲ್ಲವೂ ಕಣ್ಣಾರೆ ನೋಡಿ ಬರೆದದ್ದು, ವಾಲಿದಷ್ಟು ವಾಲಿಕೊಂಡದ್ದು. ಪ್ರತಿ ಚೌಕದ ಕೆಳಗೆ ಹೊತ್ತೂ ಬರೆದಿದ್ದಳು. ಎರಡನೇ ಸಾಲು ಮಾತ್ರ ಆ ಸೋಮವಾರದಿಂದ ಖಾಲಿ.

ನಾನು ಖಾಲಿ ಸಾಲುಗಳ ಮೇಲೆ ಬೆರಳಾಡಿಸುವುದನ್ನು ನೋಡಿ ಆಕೆಯೇ ಕೇಳಿದಳು.

“ಬಾಯಿ, ಎಲ್ಲಿ ನಿಂತು ನೋಡಿದ್ವಿ ಅನ್ನೂದು ಬರೀಲೇಬೇಕೇನ್ರಿ?”

ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು, “ಬ್ಯಾಡ ಬಿಡವಾ” ಅಂದೆ.